ಗುಲಾಮಗಿರಿಯೋ, ರಾಜ್ಯಗಳ ಹಕ್ಕೋ? ಅಮೆರಿಕದ ಅಂತರ್ಯುದ್ಧ ಸಾಗಿದ ಬಗೆ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧ ಗುಲಾಮಗಿರಿಯನ್ನು ತೆಗೆದುಹಾಕಲು ನಡೆಯಿತು ಎಂದು ಶಾಲೆಯಲ್ಲಿ ಓದಿದ್ದೆ. ಈಗ ಕೆಲವರು, ಅದು ರಾಜ್ಯಗಳ ಹಕ್ಕಿನ ಜಗಳ, ಗುಲಾಮಗಿರಿ ಬರೀ ನೆಪ, ಲಿಂಕನ್ ಅವರಿಗೂ ಗುಲಾಮರ ಬಗ್ಗೆ ಅಂಥ ಕಾಳಜಿ ಇರಲಿಲ್ಲ ಅನ್ನುತ್ತಾರೆ. ಯಾವುದು ನಿಜ? ಜನ, ಹಣ, ಕಾರ್ಖಾನೆ ಎಲ್ಲವೂ ಉತ್ತರದ ಕಡೆಯೇ ಜಾಸ್ತಿ ಇದ್ದರೂ ಯುದ್ಧ ಮುಗಿಯಲು ನಾಲ್ಕು ವರ್ಷ ಯಾಕೆ ಬೇಕಾಯಿತು?

ಉತ್ತರ:

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೋಗಿದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕೆ. ಇದರಲ್ಲಿ ಅನುಮಾನ ಬೇಡ, ಅವರೇ ಹಾಗಂತ ಬರೆದಿಟ್ಟಿದ್ದಾರೆ. ಆದರೆ ಉತ್ತರದವರು ಯುದ್ಧಕ್ಕೆ ಇಳಿದಿದ್ದು ಗುಲಾಮರನ್ನು ಬಿಡಿಸುವುದಕ್ಕಲ್ಲ, ದೇಶ ಒಡೆಯದಂತೆ ತಡೆಯುವುದಕ್ಕೆ. ಅಂದರೆ ನೀವು ಶಾಲೆಯಲ್ಲಿ ಓದಿದ್ದು ಅರ್ಧ ಸರಿ, ಈಗ ಕೇಳುತ್ತಿರುವುದು ಬಹುಪಾಲು ತಪ್ಪು. ದೇಶ ಉಳಿಸುವ ಯುದ್ಧ ಎರಡೇ ವರ್ಷದಲ್ಲಿ ಗುಲಾಮಗಿರಿಯನ್ನು ಮುಗಿಸುವ ಯುದ್ಧವಾಗಿ ಬದಲಾಯಿತು. ಆ ಬದಲಾವಣೆಗೆ ಮೊದಲು ಕೈ ಹಾಕಿದವರು ಲಿಂಕನ್ ಅಲ್ಲ, ಸೇನಾಪತಿಗಳೂ ಅಲ್ಲ. ಯಾರ ಅಪ್ಪಣೆಗೂ ಕಾಯದೆ ಒಡೆಯರನ್ನು ಬಿಟ್ಟು ಓಡಿಬಂದ ಗುಲಾಮರು. ನನ್ನ ಮಟ್ಟಿಗೆ ಈ ಯುದ್ಧದ ಕಥೆಯ ನಡುಗಂಬ ಅದೇ.

1860ರ ಜನಗಣತಿ ನೋಡಿ. ಅಮೆರಿಕದ ಒಟ್ಟು ಜನ 3.14 ಕೋಟಿ. ಅವರಲ್ಲಿ 39.5 ಲಕ್ಷ ಜನ ಗುಲಾಮರು. ದಕ್ಷಿಣ ಕೆರೊಲಿನಾ ಮತ್ತು ಮಿಸಿಸಿಪಿಯಲ್ಲಂತೂ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರೇ. ಇವರನ್ನು ಮಾರಬಹುದಿತ್ತು, ಅಡ ಇಡಬಹುದಿತ್ತು, ಆಸ್ತಿ ಭಾಗ ಮಾಡುವಾಗ ಮಕ್ಕಳಿಗೆ ಹಂಚಬಹುದಿತ್ತು. ಇವರ ಮಾರುಕಟ್ಟೆ ಬೆಲೆಯನ್ನು ಕೂಡಿಸಿದರೆ, ಇಡೀ ದೇಶದ ರೈಲು ಮತ್ತು ಕಾರ್ಖಾನೆಗಳಲ್ಲಿ ಹೂಡಿದ್ದ ಹಣಕ್ಕಿಂತ ಜಾಸ್ತಿ ಆಗುತ್ತಿತ್ತು. ಇವರು ಬೆಳೆದ ಹತ್ತಿಯೇ ಅಮೆರಿಕದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು. ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ. ಇಷ್ಟು ಹಣ ಒಂದು ಪದ್ಧತಿಯಲ್ಲಿ ಕೂತಿರುವಾಗ ಅದನ್ನು ಬರೀ ನೆಪ ಅನ್ನಲು ಹೇಗೆ ಸಾಧ್ಯ?

ಜಗಳ ಶುರುವಾಗಿದ್ದು ಹೊಸ ನೆಲದ ವಿಚಾರಕ್ಕೆ. ದೇಶ ಪಶ್ಚಿಮಕ್ಕೆ ಬೆಳೆಯುತ್ತಿತ್ತು. ಹೊಸದಾಗಿ ಸೇರುವ ರಾಜ್ಯದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎನ್ನುವುದು ಪ್ರತಿ ಸಲವೂ ಕಗ್ಗಂಟಾಗುತ್ತಿತ್ತು. 1820ರಲ್ಲಿ ಒಂದು ಒಪ್ಪಂದವಾಯಿತು, 1850ರಲ್ಲಿ ಇನ್ನೊಂದು. 1854ರಲ್ಲಿ ಹಳೆಯ ಒಪ್ಪಂದ ಮುರಿದುಬಿತ್ತು, ಕಾನ್ಸಸ್‌ನಲ್ಲಿ ಎರಡೂ ಕಡೆಯವರು ಬಂದೂಕು ಹಿಡಿದು ಹೊಡೆದಾಡಿದರು. 1857ರಲ್ಲಿ, ಬಿಡುಗಡೆ ಕೋರಿದ್ದ ಗುಲಾಮ ಡ್ರೆಡ್ ಸ್ಕಾಟ್‌ನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಪ್ಪು ಜನ ಅಮೆರಿಕದ ನಾಗರಿಕರೇ ಅಲ್ಲ ಎಂದು ತೀರ್ಪು ಕೊಟ್ಟಿತು. 1859ರಲ್ಲಿ ಗುಲಾಮಗಿರಿಯ ಕಟ್ಟಾ ವಿರೋಧಿ ಜಾನ್ ಬ್ರೌನ್ ವರ್ಜೀನಿಯಾದ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ ಗುಲಾಮರ ದಂಗೆ ಎಬ್ಬಿಸಲು ಹೋಗಿ ನೇಣಿಗೇರಿದ.

ಇನ್ನು ರಾಜ್ಯಗಳ ಹಕ್ಕಿನ ವಾದಕ್ಕೆ ಬರೋಣ. 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಾಯ್ದೆ ಬಂತು. ಉತ್ತರದ ರಾಜ್ಯಕ್ಕೆ ತಪ್ಪಿಸಿಕೊಂಡು ಬಂದವರನ್ನು ಹಿಡಿಯಲು ಕೇಂದ್ರದ ಅಧಿಕಾರಿಗಳು ಅಲ್ಲಿಗೇ ಹೋಗುತ್ತಿದ್ದರು. ಓಡಿಬಂದವರಿಗೆ ನೆರವಾದ ಸಾಮಾನ್ಯ ಜನರಿಗೂ ಶಿಕ್ಷೆ ಇತ್ತು. ಇದನ್ನು ತಡೆಯಲು ಉತ್ತರದ ಹಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡವು. ಇಲ್ಲಿ ರಾಜ್ಯದ ಹಕ್ಕನ್ನು ಚಲಾಯಿಸಿದ್ದು ಯಾರು? ಉತ್ತರದವರು. ಕೇಂದ್ರದ ಬಲ ಬೇಕು ಎಂದವರು ದಕ್ಷಿಣದವರು. 1860ರ ಡಿಸೆಂಬರ್ 20ರಂದು ಮೊಟ್ಟಮೊದಲು ಒಕ್ಕೂಟ ಬಿಟ್ಟ ದಕ್ಷಿಣ ಕೆರೊಲಿನಾ ತನ್ನ ಕಾರಣಗಳ ಪತ್ರದಲ್ಲಿ ದೂರಿದ್ದೇ ಇದನ್ನು. ಉತ್ತರದ ರಾಜ್ಯಗಳು ನಮ್ಮ ಗುಲಾಮರನ್ನು ವಾಪಸು ಕೊಡುತ್ತಿಲ್ಲ ಎನ್ನುವುದು ಅದರ ಅಳಲು. ಮಿಸಿಸಿಪಿಯ ಪತ್ರ ಇನ್ನೂ ನೇರ: ತಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿಯಾಗಿ ಬೆಸೆದುಕೊಂಡಿದೆ ಎಂದು ಮೊದಲ ಸಾಲುಗಳಲ್ಲೇ ಹೇಳಿತು.

1861ರ ಫೆಬ್ರವರಿಯಲ್ಲಿ ಏಳು ರಾಜ್ಯಗಳು ಸೇರಿ ಕಾನ್ಫೆಡರೆಸಿ ಎಂಬ ಬೇರೆಯೇ ದೇಶ ಕಟ್ಟಿಕೊಂಡವು. ಜೆಫರ್ಸನ್ ಡೇವಿಸ್ ಅದರ ಅಧ್ಯಕ್ಷರಾದರು. ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನು ತಮ್ಮ ಸಂಸತ್ತು ಮಾಡುವಂತಿಲ್ಲ ಎಂದು ಸಂವಿಧಾನದಲ್ಲೇ ಬರೆದುಕೊಂಡರು. ಮಾರ್ಚ್ 21ರಂದು ಸವಾನಾ ಊರಿನಲ್ಲಿ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಭಾಷಣ ಮಾಡಿದರು. ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ, ಗುಲಾಮಗಿರಿಯೇ ಅವನಿಗೆ ಸಹಜ, ನಮ್ಮ ಸರ್ಕಾರ ನಿಂತಿರುವುದು ಈ ಸತ್ಯದ ಮೇಲೆ ಎಂದರು. ಯುದ್ಧ ಸೋತ ಮೇಲೆ ಇದೇ ಡೇವಿಸ್, ಇದೇ ಸ್ಟೀಫನ್ಸ್, ಜಗಳ ಇದ್ದದ್ದು ಸಂವಿಧಾನದ ವಿಚಾರಕ್ಕೆ ಎಂದು ಉದ್ದುದ್ದ ಪುಸ್ತಕ ಬರೆದರು. ಇವತ್ತು ನೀವು ಕೇಳುತ್ತಿರುವ ವಾದದ ಹುಟ್ಟು ಅಲ್ಲಿ. ಸೋಲುವ ಮೊದಲು ಹೇಳಿದ್ದನ್ನು ನಂಬಬೇಕೋ, ಸೋತ ಮೇಲೆ ಹೇಳಿದ್ದನ್ನೋ? ನಾನು ಮೊದಲಿನದನ್ನು ನಂಬುತ್ತೇನೆ.

ಲಿಂಕನ್ 1860ರ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆ ಗೆದ್ದಾಗ ಅವರಿಗೆ ಸಿಕ್ಕಿದ್ದು ಶೇ. 40ಕ್ಕಿಂತ ಸ್ವಲ್ಪ ಕಡಿಮೆ ಮತ. ದಕ್ಷಿಣದ ಹೆಚ್ಚಿನ ರಾಜ್ಯಗಳಲ್ಲಿ ಅವರ ಹೆಸರಿನ ಮತಪತ್ರವೇ ಇರಲಿಲ್ಲ. ಅವರ ಪಕ್ಷದ ನಿಲುವು ಇಷ್ಟೇ: ಗುಲಾಮಗಿರಿ ಈಗ ಇರುವ ಕಡೆ ಇರಲಿ, ಹೊಸ ನೆಲಕ್ಕೆ ಹಬ್ಬುವುದು ಬೇಡ. 1861ರ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡಾಗಲೂ ಅದನ್ನೇ ಹೇಳಿದರು. ದಕ್ಷಿಣದವರಿಗೆ ಅಷ್ಟೂ ಸಹಿಸಲಾಗಲಿಲ್ಲ. ಹಬ್ಬದಿದ್ದರೆ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ತಮ್ಮ ಬಲ ಕುಗ್ಗುತ್ತದೆ, ಇವತ್ತಲ್ಲ ನಾಳೆ ಪದ್ಧತಿಗೇ ಕುತ್ತು ಬರುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪೇನೂ ಆಗಿರಲಿಲ್ಲ.

ಏಪ್ರಿಲ್ 12ರ ಬೆಳಗಿನ ಜಾವ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದ ಫಿರಂಗಿಗಳು ಗುಂಡು ಹಾರಿಸಿದವು. ಮರುದಿನ ಕೋಟೆ ಶರಣಾಯಿತು. ಲಿಂಕನ್ 75,000 ಸ್ವಯಂಸೇವಕರನ್ನು ಕೇಳಿದರು, ಅದೂ ಬರೀ ತೊಂಬತ್ತು ದಿನಕ್ಕೆ. ವರ್ಜೀನಿಯಾ, ಆರ್ಕನ್ಸಾ, ಟೆನೆಸ್ಸಿ, ಉತ್ತರ ಕೆರೊಲಿನಾ ಆಗ ದಕ್ಷಿಣಕ್ಕೆ ಸೇರಿಕೊಂಡವು. ಒಟ್ಟು ಹನ್ನೊಂದಾಯಿತು. ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ಗುಲಾಮಗಿರಿ ಇದ್ದ ರಾಜ್ಯಗಳೇ ಆದರೂ ಒಕ್ಕೂಟದಲ್ಲೇ ಉಳಿದವು. ಗಡಿರಾಜ್ಯಗಳು ಎನಿಸಿಕೊಂಡ ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ. ಇವು ಕೈಬಿಟ್ಟು ಹೋದರೆ ರಾಜಧಾನಿ ವಾಷಿಂಗ್ಟನ್ನೇ ಶತ್ರುಗಳ ನಡುವೆ ಸಿಕ್ಕಿಬೀಳುತ್ತಿತ್ತು. ಮೊದಲ ಒಂದೂವರೆ ವರ್ಷ ಗುಲಾಮಗಿರಿಯ ಬಗ್ಗೆ ಲಿಂಕನ್ ಅಷ್ಟು ಜಾಗ್ರತೆಯಿಂದ ಮಾತಾಡಿದ್ದಕ್ಕೆ ದೊಡ್ಡ ಕಾರಣ ಇದು.

ಈಗ ಒಂದು ರಾತ್ರಿಯ ವಿಚಾರ ಹೇಳಬೇಕು. 1861ರ ಮೇ 23. ಅವತ್ತು ಹಗಲು ವರ್ಜೀನಿಯಾದ ಮತದಾರರು ಒಕ್ಕೂಟ ಬಿಡಲು ಮತ ಹಾಕಿದ್ದರು. ಅದೇ ರಾತ್ರಿ ಫ್ರಾಂಕ್ ಬೇಕರ್, ಶೆಪರ್ಡ್ ಮಲ್ಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ದೋಣಿ ಹುಟ್ಟು ಹಾಕಿಕೊಂಡು ಮನ್ರೋ ಕೋಟೆಗೆ ಬಂದರು. ವರ್ಜೀನಿಯಾದ ನೆಲದಲ್ಲೇ ಇದ್ದ ಈ ಕೋಟೆ ಒಕ್ಕೂಟದ, ಅಂದರೆ ಉತ್ತರದ, ಸೈನ್ಯದ ಕೈಯಲ್ಲಿತ್ತು. ಆಚೆ ದಡದಲ್ಲಿ ದಕ್ಷಿಣದವರ ಫಿರಂಗಿ ದಿಬ್ಬ ಕಟ್ಟಲು ಈ ಮೂವರನ್ನು ದುಡಿಸುತ್ತಿದ್ದರು. ಅವರ ಒಡೆಯ ದಕ್ಷಿಣದ ಸೈನ್ಯದಲ್ಲಿ ಕರ್ನಲ್. ಈ ಗುಲಾಮರನ್ನು ಹೆಂಡತಿ ಮಕ್ಕಳಿಂದ ದೂರ, ಉತ್ತರ ಕೆರೊಲಿನಾಕ್ಕೆ ಸಾಗಿಸುವ ಏರ್ಪಾಡು ನಡೆದಿತ್ತು.

ಮರುದಿನ ಒಡೆಯನ ಪರವಾಗಿ ಒಬ್ಬ ಮೇಜರ್ ಬಿಳಿ ಬಾವುಟ ಹಿಡಿದು ಬಂದ. 1850ರ ಕಾಯ್ದೆ ಪ್ರಕಾರ ಇವರನ್ನು ವಾಪಸು ಕೊಡಿ ಎಂದ. ಕೋಟೆಯ ಸೇನಾಧಿಕಾರಿ ಬೆಂಜಮಿನ್ ಬಟ್ಲರ್ ಮ್ಯಾಸಚುಸೆಟ್ಸ್‌ನಲ್ಲಿ ವಕೀಲರಾಗಿದ್ದವರು. ಗುಲಾಮಗಿರಿ ವಿರೋಧಿಯೇನೂ ಅಲ್ಲ, ಹಿಂದಿನ ವರ್ಷ ಡೇವಿಸ್ ಅಧ್ಯಕ್ಷ ಅಭ್ಯರ್ಥಿಯಾಗಲಿ ಎಂದು ಪಕ್ಷದ ಸಮಾವೇಶದಲ್ಲಿ ಮತ ಹಾಕಿದ್ದವರು. ಆದರೆ ಕಾನೂನು ಬಲ್ಲವರು. ನಿಮ್ಮ ವರ್ಜೀನಿಯಾ ಬೇರೆ ದೇಶ ಅನ್ನುತ್ತೀರಿ, ಬೇರೆ ದೇಶಕ್ಕೆ ನಮ್ಮ ಕಾಯ್ದೆ ಹೇಗೆ ಅನ್ವಯಿಸುತ್ತದೆ ಎಂದು ಕೇಳಿದರು. ಇವರನ್ನು ನೀವೇ ಆಸ್ತಿ ಅನ್ನುತ್ತೀರಿ, ಆ ಆಸ್ತಿಯನ್ನು ನಮ್ಮ ವಿರುದ್ಧದ ಯುದ್ಧಕ್ಕೆ ಬಳಸಿದ್ದೀರಿ, ಆದ್ದರಿಂದ ಯುದ್ಧದ ಮಾಲು ಎಂದು ಮುಟ್ಟುಗೋಲು ಹಾಕಿಕೊಂಡಿದ್ದೇನೆ ಎಂದು ಹೇಳಿ ಕಳಿಸಿದರು. ಮನುಷ್ಯರನ್ನು ಮಾಲು ಎಂದೇ ಕರೆದ ಈ ವಾದದಲ್ಲಿ ದೊಡ್ಡ ಮನಸ್ಸೇನೂ ಇರಲಿಲ್ಲ. ಆದರೆ ಕೋಟೆಯ ಬಾಗಿಲು ತೆರೆಯಿತು. ಸುದ್ದಿ ಗುಡಿಸಲಿನಿಂದ ಗುಡಿಸಲಿಗೆ ಹೋಯಿತು. ಕೆಲವೇ ದಿನದಲ್ಲಿ ಹೆಂಗಸರು, ಮಕ್ಕಳು, ಮುದುಕರು ಸಮೇತ ಗುಂಪು ಗುಂಪಾಗಿ ಬರತೊಡಗಿದರು.

ಆಗಸ್ಟ್ ಹೊತ್ತಿಗೆ ಸಂಸತ್ತು ಬಟ್ಲರ್ ಮಾಡಿದ್ದನ್ನು ಕಾನೂನಾಗಿಸಿತು. 1862ರ ಜುಲೈನಲ್ಲಿ ಇನ್ನೂ ಬಲವಾದ ಕಾಯ್ದೆ ಬಂತು. ಒಕ್ಕೂಟದ ಸೈನ್ಯ ಹೋದಲ್ಲೆಲ್ಲ ಗುಲಾಮರು ಬರುತ್ತಿದ್ದರು. ಅಡುಗೆ ಮಾಡಿದರು, ಕಂದಕ ತೋಡಿದರು, ಗಾಯಾಳುಗಳ ಆರೈಕೆ ಮಾಡಿದರು, ಶತ್ರು ಎಲ್ಲಿದ್ದಾನೆ ಎಂದು ದಾರಿ ತೋರಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ಬಂದವರು ಸುಮಾರು 5 ಲಕ್ಷ ಎಂದು ಇತಿಹಾಸಕಾರರ ಅಂದಾಜು. ಬಂದವರೆಲ್ಲ ಸುಖವಾಗಿ ಇರಲಿಲ್ಲ. ಶಿಬಿರಗಳಲ್ಲಿ ಸಿಡುಬು ಬಂದು, ಚಳಿಗೆ ಸಿಕ್ಕಿ ಸಾವಿರಾರು ಜನ ಸತ್ತರು. ಆದರೂ ಬರುವುದು ನಿಲ್ಲಲಿಲ್ಲ. ಒಬ್ಬ ಗುಲಾಮ ಓಡಿಬಂದರೆ ದಕ್ಷಿಣಕ್ಕೆ ಒಂದು ಆಳು ಕಡಿಮೆ, ಉತ್ತರಕ್ಕೆ ಒಂದು ಆಳು ಜಾಸ್ತಿ. ಈ ಲೆಕ್ಕ ಗುಲಾಮಗಿರಿ ವಿರೋಧಿಯಲ್ಲದ ಸೇನಾಧಿಕಾರಿಗೂ ಅರ್ಥವಾಗುತ್ತಿತ್ತು.

ರಾಬರ್ಟ್ ಸ್ಮಾಲ್ಸ್ ಅವರದ್ದು ಇದರಲ್ಲಿ ನನಗೆ ತುಂಬ ಮೆಚ್ಚಿನ ಪ್ರಸಂಗ. 23 ವರ್ಷದ ಗುಲಾಮ. ಚಾರ್ಲ್ಸ್‌ಟನ್ ಬಂದರಿನಲ್ಲಿ ದಕ್ಷಿಣದ ಸೈನ್ಯಕ್ಕೆ ಸರಕು ಸಾಗಿಸುವ ಪ್ಲಾಂಟರ್ ಎಂಬ ಉಗಿಹಡಗನ್ನು ನಡೆಸುತ್ತಿದ್ದರು. 1862ರ ಮೇ 12ರ ರಾತ್ರಿ ಬಿಳಿಯ ಅಧಿಕಾರಿಗಳು ಮಲಗಲು ದಡಕ್ಕೆ ಹೋದರು. ಬೆಳಗಿನ ಜಾವ ಮೂರರ ಸುಮಾರಿಗೆ ಸ್ಮಾಲ್ಸ್ ಮತ್ತು ಜೊತೆಗಾರರು ಒಲೆ ಹೊತ್ತಿಸಿ ಹಡಗು ಬಿಟ್ಟರು. ಇನ್ನೊಂದು ಕಟ್ಟೆಯ ಹತ್ತಿರ ಕಾಯುತ್ತಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡರು. ಒಟ್ಟು ಹದಿನಾರು ಜನ. ಸ್ಮಾಲ್ಸ್ ಕ್ಯಾಪ್ಟನ್‌ನ ಹುಲ್ಲಿನ ಟೋಪಿ ಹಾಕಿಕೊಂಡು, ಅವನು ನಿಲ್ಲುವ ಹಾಗೆಯೇ ನಿಂತರು. ಸಮ್ಟರ್ ಕೋಟೆಯ ಫಿರಂಗಿಗಳ ಕೆಳಗೆ ಹಾದುಹೋಗುವಾಗ ಸರಿಯಾದ ಸೀಟಿಯ ಸಂಕೇತ ಕೊಟ್ಟರು. ಕೋಟೆಯವರು ಹೋಗಲು ಬಿಟ್ಟರು. ಗುಂಡಿನ ಅಳತೆ ದಾಟಿದ ಮೇಲೆ ಬಾವುಟ ಇಳಿಸಿ ಬಿಳಿ ಹಾಸಿಗೆ ಬಟ್ಟೆ ಏರಿಸಿದರು, ಒಕ್ಕೂಟದ ನೌಕಾಪಡೆಗೆ ಹಡಗನ್ನು ಒಪ್ಪಿಸಿದರು. ಅದರಲ್ಲಿ ಫಿರಂಗಿಗಳಿದ್ದವು, ಸಂಕೇತಗಳ ಪುಸ್ತಕ ಇತ್ತು. ಅದಕ್ಕಿಂತ ಹೆಚ್ಚಾಗಿ, ಬಂದರಿನ ಯಾವ ಮೂಲೆಯಲ್ಲಿ ಏನಿದೆ ಎಂದು ಬಲ್ಲ ಸ್ಮಾಲ್ಸ್ ಇದ್ದರು. ಗುಲಾಮರಿಗೆ ಬಿಡುಗಡೆಯನ್ನು ಯಾರೋ ದಾನ ಮಾಡಿದರು ಎಂದು ಯಾರಾದರೂ ಹೇಳಿದಾಗ ನನಗೆ ಈ ಹಡಗು ನೆನಪಾಗುತ್ತದೆ.

ನಾಲ್ಕು ವರ್ಷ ಯಾಕೆ ಎಂದು ಕೇಳಿದ್ದೀರಿ. ಉತ್ತರದ ಕಡೆ ಗಡಿರಾಜ್ಯಗಳೂ ಸೇರಿ 2.2 ಕೋಟಿ ಜನ. ದಕ್ಷಿಣದಲ್ಲಿ 90 ಲಕ್ಷ, ಅದರಲ್ಲೂ 35 ಲಕ್ಷ ಗುಲಾಮರು. ಕಾರ್ಖಾನೆಯ ಉತ್ಪಾದನೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉತ್ತರದ್ದು. ಆದರೆ ಎರಡೂ ಕಡೆಯ ಕೆಲಸ ಒಂದೇ ಆಗಿರಲಿಲ್ಲ. ದಕ್ಷಿಣದವರು ಗೆಲ್ಲಬೇಕಾಗಿರಲಿಲ್ಲ, ಸೋಲದೆ ಇದ್ದರೆ ಸಾಕಿತ್ತು. ಉತ್ತರದವರು ಹತ್ತು ಕರ್ನಾಟಕದಷ್ಟು ಅಗಲದ ನೆಲವನ್ನು ಗೆದ್ದು, ಹಿಡಿದಿಟ್ಟುಕೊಂಡು, ಉದ್ದನೆಯ ರೈಲು ಹಳಿಗಳನ್ನು ಕಾಯುತ್ತ ಮುಂದೆ ಹೋಗಬೇಕಿತ್ತು. ಯುದ್ಧಕ್ಕೆ ಮೊದಲು ಅಮೆರಿಕದ ಸೈನ್ಯ ಸುಮಾರು 16,000 ಜನರದ್ದು. ಲಕ್ಷಗಟ್ಟಲೆ ಜನರನ್ನು ನಡೆಸಿ ಅನುಭವ ಇದ್ದವರು ಒಬ್ಬರೂ ಇರಲಿಲ್ಲ. 1861ರ ಜುಲೈ 21ರಂದು ಬುಲ್ ರನ್ ಹೊಳೆಯ ಹತ್ತಿರ ಮೊದಲ ದೊಡ್ಡ ಕಾಳಗ ನಡೆದಾಗ, ವಾಷಿಂಗ್ಟನ್ನಿನ ಜನ ತಿಂಡಿ ಕಟ್ಟಿಕೊಂಡು ನೋಡಲು ಹೋಗಿದ್ದರು. ಸಂಜೆಗೆ ಉತ್ತರದ ಸೈನ್ಯ ಚೆಲ್ಲಾಪಿಲ್ಲಿಯಾಗಿ ಓಡಿಬಂತು, ನೋಡಲು ಹೋದವರೂ ಓಡಿಬಂದರು.

ಪಶ್ಚಿಮದಲ್ಲಿ ಕಥೆ ಬೇರೆ. ಅಲ್ಲಿ ನದಿಗಳೇ ದಾರಿ. 1862ರ ಫೆಬ್ರವರಿಯಲ್ಲಿ ಉತ್ತರದ ಸೇನಾಪತಿ ಯುಲಿಸಿಸ್ ಗ್ರಾಂಟ್ ಟೆನೆಸ್ಸಿ, ಕಂಬರ್ಲೆಂಡ್ ನದಿಗಳ ಕೋಟೆಗಳನ್ನು ಹಿಡಿದರು. ಏಪ್ರಿಲ್‌ನಲ್ಲಿ ಶೈಲೋ ಎಂಬಲ್ಲಿ ಎರಡು ದಿನದ ಕಾಳಗ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 23,000ಕ್ಕೂ ಜಾಸ್ತಿ. ಒಂದೇ ದೊಡ್ಡ ಗೆಲುವಿಗೆ ದಕ್ಷಿಣ ಕುಸಿದುಬೀಳುತ್ತದೆ ಎಂಬ ಆಸೆ ಗ್ರಾಂಟ್‌ಗೆ ಅಲ್ಲಿ ಹೊರಟುಹೋಯಿತು. ಅದೇ ತಿಂಗಳು ನೌಕಾಪಡೆ ದಕ್ಷಿಣದ ಅತಿ ದೊಡ್ಡ ನಗರ ನ್ಯೂ ಆರ್ಲಿಯನ್ಸ್ ಅನ್ನು ಹಿಡಿಯಿತು.

ಪೂರ್ವದಲ್ಲಿ ಉತ್ತರದ ಸೇನಾಪತಿ ಜಾರ್ಜ್ ಮೆಕ್ಲೆಲನ್ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರೊಡನೆ ದಕ್ಷಿಣದ ರಾಜಧಾನಿ ರಿಚ್ಮಂಡ್ ಹೊಸ್ತಿಲಿಗೆ ಹೋಗಿ ನಿಂತರು. ಶತ್ರು ತನ್ನ ಎರಡರಷ್ಟಿದ್ದಾನೆ ಎಂದು ಹೆದರುತ್ತಲೇ ಕೂತರು. ಜೂನ್ ಕೊನೆಯಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಏಳು ದಿನ ಬಿಡದೆ ಹೊಡೆದು ಅವರನ್ನು ಹಿಂದಕ್ಕೆ ಅಟ್ಟಿದರು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮೆಕ್ಲೆಲನ್ ಅವತ್ತು ರಿಚ್ಮಂಡ್ ಹಿಡಿದಿದ್ದರೆ ಯುದ್ಧ 1862ರಲ್ಲೇ ಮುಗಿಯುವ ಸಾಧ್ಯತೆ ಇತ್ತು. ಆಗ ದೇಶ ಒಂದಾಗುತ್ತಿತ್ತು, ಗುಲಾಮಗಿರಿ ಬಹುಮಟ್ಟಿಗೆ ಹಾಗೇ ಉಳಿಯುತ್ತಿತ್ತು. ದಕ್ಷಿಣದ ಅತ್ಯುತ್ತಮ ಸೇನಾಪತಿ ಗೆದ್ದಿದ್ದರಿಂದಲೇ ಯುದ್ಧ ಎಳೆಯಿತು, ಎಳೆದಿದ್ದರಿಂದಲೇ ಅದು ಗುಲಾಮಗಿರಿಯ ಬುಡಕ್ಕೆ ಬಂತು.

ಆ ಸೋಲು ಬಂದು ಮೂರು ವಾರದಲ್ಲೇ, ಜುಲೈ 22ರಂದು, ಲಿಂಕನ್ ಬಿಡುಗಡೆ ಘೋಷಣೆಯ ಕರಡನ್ನು ಮಂತ್ರಿಗಳ ಮುಂದೆ ಇಟ್ಟರು. ಸೋತ ಹೊತ್ತಿನಲ್ಲಿ ಹೊರಡಿಸಿದರೆ ದಿಕ್ಕುಗೆಟ್ಟವರ ಕೂಗಿನ ಹಾಗೆ ಕೇಳಿಸುತ್ತದೆ, ಒಂದು ಗೆಲುವು ಬರಲಿ ಎಂದು ವಿದೇಶಾಂಗ ಮಂತ್ರಿ ಸೀವರ್ಡ್ ಸಲಹೆ ಕೊಟ್ಟರು. ಕರಡು ಡ್ರಾಯರಿಗೆ ಹೋಯಿತು. ಆಗಸ್ಟ್ 22ರಂದು ಲಿಂಕನ್ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಯವರಿಗೆ ಬರೆದ ಪತ್ರವನ್ನೇ ಈಗ ಎಲ್ಲರೂ ಎತ್ತಿ ತೋರಿಸುವುದು. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ, ಎಲ್ಲರನ್ನೂ ಬಿಡಿಸಿ ಉಳಿಯುವುದಾದರೆ ಅದನ್ನೂ ಮಾಡುತ್ತೇನೆ ಎಂದು ಅದರಲ್ಲಿತ್ತು. ನಿಮ್ಮ ಗೆಳೆಯರೂ ಇದನ್ನೇ ಹೇಳಿರಬೇಕು, ಅಲ್ವಾ? ಆದರೆ ಅದನ್ನು ಬರೆಯುವಾಗ ಬಿಡುಗಡೆಯ ಕರಡು ಆಗಲೇ ಸಿದ್ಧವಾಗಿತ್ತು. ಆ ಪತ್ರ ಗಡಿರಾಜ್ಯಗಳನ್ನೂ ಉತ್ತರದ ಅಳುಕಿನ ಮತದಾರರನ್ನೂ ಅಣಿ ಮಾಡುವುದಕ್ಕೆ ಬರೆದದ್ದು. ಅದೇ ಪತ್ರದ ಕೊನೆಯಲ್ಲಿ, ಎಲ್ಲ ಕಡೆಯ ಎಲ್ಲ ಮನುಷ್ಯರೂ ಸ್ವತಂತ್ರರಾಗಿರಬೇಕು ಎಂಬ ತಮ್ಮ ವೈಯಕ್ತಿಕ ಆಸೆ ಬದಲಾಗಿಲ್ಲ ಎಂದೂ ಬರೆದಿದ್ದಾರೆ. ಆ ಸಾಲನ್ನು ಬಿಟ್ಟು ಓದುವುದು ಸರಿಯಲ್ಲ.

ಗೆಲುವು ಬಂದದ್ದು ಸೆಪ್ಟೆಂಬರ್ 17ರಂದು, ಮೇರಿಲ್ಯಾಂಡಿನ ಆಂಟೀಟಮ್ ಹೊಳೆಯ ಬಳಿ. ಒಂದೇ ದಿನದಲ್ಲಿ ಸುಮಾರು 23,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಇವತ್ತಿಗೂ ಅಮೆರಿಕದ ಇತಿಹಾಸದಲ್ಲಿ ಅಷ್ಟು ರಕ್ತ ಹರಿದ ದಿನ ಬೇರೆ ಇಲ್ಲ. ಲೀ ವಾಪಸು ಹೋದರು. ಐದು ದಿನದ ಮೇಲೆ ಲಿಂಕನ್ ಘೋಷಣೆ ಹೊರಡಿಸಿದರು. 1863ರ ಜನವರಿ 1ರಿಂದ ಅದು ಜಾರಿಗೆ ಬಂತು. ಗಡಿರಾಜ್ಯಗಳಿಗೂ, ಆಗಲೇ ಸೈನ್ಯ ಗೆದ್ದಿದ್ದ ಕೆಲವು ಭಾಗಗಳಿಗೂ ಅದು ಅನ್ವಯಿಸಲಿಲ್ಲ. ಸೇನಾಪತಿಯಾಗಿ ಶತ್ರುವಿನ ನೆಲದಲ್ಲಿ ಮಾತ್ರ ಅಧ್ಯಕ್ಷರಿಗೆ ಆ ಅಧಿಕಾರ ಇದ್ದದ್ದು. ಹಾಗಾಗಿ ಅದು ಸುಮ್ನೆ ಕಾಗದ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂದಿನಿಂದ ಒಕ್ಕೂಟದ ಸೈನ್ಯ ಮುಂದಿಟ್ಟ ಪ್ರತಿ ಹೆಜ್ಜೆಯೂ ಬಿಡುಗಡೆಯ ಹೆಜ್ಜೆಯಾಯಿತು. ಜೊತೆಗೆ ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದಾಗಿ ಅದರಲ್ಲಿ ಬರೆದಿತ್ತು.

ಸುಮಾರು 1,79,000 ಕಪ್ಪು ಸೈನಿಕರು ಸೇರಿದರು. ನೌಕಾಪಡೆಗೆ ಇನ್ನೂ ಸುಮಾರು 19,000. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ. ಮ್ಯಾಸಚುಸೆಟ್ಸ್‌ನ 54ನೇ ರೆಜಿಮೆಂಟಿನವರು ಸಮಾನ ಸಂಬಳ ಬರುವ ತನಕ ಸಂಬಳವನ್ನೇ ಮುಟ್ಟಲಿಲ್ಲ. ಅದೇ ರೆಜಿಮೆಂಟು 1863ರ ಜುಲೈ 18ರಂದು ವ್ಯಾಗ್ನರ್ ಕೋಟೆಗೆ ನುಗ್ಗಿ ತನ್ನ ಕರ್ನಲ್ ಸಮೇತ ಅರ್ಧದ ಹತ್ತಿರ ಜನರನ್ನು ಕಳೆದುಕೊಂಡಿತು. ಸೆರೆಸಿಕ್ಕ ಕಪ್ಪು ಸೈನಿಕರನ್ನು ದಕ್ಷಿಣದವರು ಕೈದಿಗಳೆಂದು ನೋಡುತ್ತಿರಲಿಲ್ಲ. 1864ರ ಏಪ್ರಿಲ್‌ನಲ್ಲಿ ಪಿಲ್ಲೋ ಕೋಟೆಯಲ್ಲಿ ಶರಣಾಗಲು ಹೊರಟವರನ್ನೇ ಕೊಂದರು. ಇದೆಲ್ಲ ಗೊತ್ತಿದ್ದೂ ಜನ ಸೇರುತ್ತಲೇ ಇದ್ದರು.

ಹತ್ತಿಯ ವಿಚಾರ ಹೇಳುವಾಗ ನಮ್ಮ ಕಡೆಯದ್ದೂ ಸ್ವಲ್ಪ ಹೇಳಬೇಕು. ಹತ್ತಿ ಇಲ್ಲದೆ ಇಂಗ್ಲೆಂಡ್ ಬದುಕಲಾರದು, ನಮ್ಮ ನೆರವಿಗೆ ಬಂದೇ ಬರುತ್ತದೆ ಎಂದು ದಕ್ಷಿಣದವರು ನಂಬಿದ್ದರು. ಮೊದಲ ವರ್ಷ ತಾವೇ ಹತ್ತಿಯನ್ನು ತಡೆಹಿಡಿದರು. ಆಮೇಲೆ ಲಿಂಕನ್ನರ ನೌಕಾಪಡೆ ಬಂದರುಗಳನ್ನು ಮುಚ್ಚಿತು. ಲ್ಯಾಂಕಶೈರ್‌ನಲ್ಲಿ ಗಿರಣಿಗಳು ನಿಂತವು, ಲಕ್ಷಾಂತರ ಕಾರ್ಮಿಕರು ಗಂಜಿಗೆ ಕೈಯೊಡ್ಡಿದರು. ಆದರೂ ಇಂಗ್ಲೆಂಡ್ ಬರಲಿಲ್ಲ, ಕಣ್ಣನ್ನು ಭಾರತದ ಹತ್ತಿಯತ್ತ ತಿರುಗಿಸಿತು. ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ ಅಮೆರಿಕದ ತಳಿಯ ಹತ್ತಿ 1840ರ ದಶಕದಿಂದಲೇ ಬೆಳೆಯುತ್ತಿತ್ತು. ಹತ್ತಿ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿದ್ದವು. ಆ ಕಡೆಯ ಹತ್ತಿಗೆ ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಎಂದೇ ಹೆಸರಿತ್ತು. ಯುದ್ಧದ ವರ್ಷಗಳಲ್ಲಿ ಬೆಲೆ ಗಗನಕ್ಕೇರಿತು. ಕಾರವಾರದ ಬಂದರನ್ನು ಬೆಳೆಸಬೇಕೆಂದು ಮ್ಯಾಂಚೆಸ್ಟರಿನವರು ಒತ್ತಾಯ ತಂದದ್ದು, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು, ಎರಡರ ಹಿಂದೆಯೂ ಹತ್ತಿಯ ಲೆಕ್ಕಾಚಾರ ಇತ್ತು. 1865ರಲ್ಲಿ ಯುದ್ಧ ನಿಂತ ಕೂಡಲೇ ಬೆಲೆ ಕುಸಿಯಿತು, ಮುಂಬೈನ ಷೇರು ಪೇಟೆ ನೆಲಕಚ್ಚಿತು.

1863ರ ಜುಲೈ ಮೊದಲ ವಾರವನ್ನು ಯುದ್ಧದ ತಿರುವು ಅನ್ನುತ್ತಾರೆ. ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ ಜುಲೈ 1ರಿಂದ 3ರವರೆಗೆ ಕಾಳಗ. ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 51,000 ಜನರ ನಷ್ಟ. ಲೀ ಸೋತು ವಾಪಸಾದರು. ಅದರ ಬಗ್ಗೆ ನೀವು ಎಲ್ಲಿ ಬೇಕಾದರೂ ಓದಬಹುದು, ನಾನು ಇಲ್ಲಿ ಬೆಳೆಸುವುದಿಲ್ಲ. ಜುಲೈ 4ರಂದು ಮಿಸಿಸಿಪಿ ನದಿಯ ದಡದ ವಿಕ್ಸ್‌ಬರ್ಗ್ ಗ್ರಾಂಟ್ ಅವರಿಗೆ ಶರಣಾಯಿತು. ನನ್ನ ಪ್ರಕಾರ ಇದೇ ದೊಡ್ಡ ಗೆಲುವು. 47 ದಿನದ ಮುತ್ತಿಗೆಯಲ್ಲಿ ಊರಿನ ಜನ ಗುಡ್ಡ ಕೊರೆದು ಗುಹೆಗಳಲ್ಲಿ ಬದುಕಿದ್ದರು, ಹೇಸರಗತ್ತೆ ಮಾಂಸ ತಿಂದಿದ್ದರು. ಸುಮಾರು 29,500 ಸೈನಿಕರು ಒಂದೇ ಸಲಕ್ಕೆ ಶರಣಾದರು. ನದಿ ಪೂರ್ತಿ ಕೈಗೆ ಬಂತು, ದಕ್ಷಿಣ ಎರಡು ಹೋಳಾಯಿತು.

ಎರಡೂ ಕಡೆ ಒಳಗೊಳಗೇ ಸಿಟ್ಟು ಬೆಳೆಯುತ್ತಿತ್ತು. ಉತ್ತರದಲ್ಲಿ 300 ಡಾಲರ್ ಕಟ್ಟಿದರೆ ಸೈನ್ಯಕ್ಕೆ ಹೋಗುವುದು ತಪ್ಪುತ್ತಿತ್ತು. ಆ ಜುಲೈನಲ್ಲೇ ನ್ಯೂಯಾರ್ಕ್‌ನಲ್ಲಿ ಬಡ ಬಿಳಿಯರು ದಂಗೆ ಎದ್ದರು, ಸಿಟ್ಟನ್ನು ಕಪ್ಪು ಜನರ ಮೇಲೆ ತೀರಿಸಿಕೊಂಡರು, ಅವರ ಅನಾಥಾಲಯವನ್ನೇ ಸುಟ್ಟರು. ದಕ್ಷಿಣದಲ್ಲಿ ಇಪ್ಪತ್ತು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಂತೆ ಸೈನ್ಯದಿಂದ ವಿನಾಯಿತಿ ಇತ್ತು. ಶ್ರೀಮಂತರ ಯುದ್ಧ, ಬಡವರ ಹೆಣ ಎಂದು ಗುಲಾಮರಿಲ್ಲದ ರೈತರು ಗೊಣಗಿದರು. ಏಪ್ರಿಲ್‌ನಲ್ಲಿ ರಿಚ್ಮಂಡಿನಲ್ಲೇ ಹೆಂಗಸರು ರೊಟ್ಟಿ ಕೊಡಿ ಎಂದು ಅಂಗಡಿಗಳಿಗೆ ನುಗ್ಗಿದ್ದರು.

1864ರ ಮಾರ್ಚ್‌ನಲ್ಲಿ ಗ್ರಾಂಟ್ ಇಡೀ ಸೈನ್ಯದ ಮುಖ್ಯಸ್ಥರಾದರು. ಎಲ್ಲ ಕಡೆಯಿಂದ ಒಟ್ಟಿಗೆ ಒತ್ತುವುದು ಅವರ ಯೋಜನೆ. ಮೇ ತಿಂಗಳಿಂದ ಜೂನ್ ನಡುವಿನ ತನಕ ಲೀ ಜೊತೆ ನಡೆದ ಕಾಳಗಗಳಲ್ಲಿ ಉತ್ತರದ ನಷ್ಟವೇ ಸುಮಾರು 55,000. ಆದರೂ ಹಿಂದಿನವರ ಹಾಗೆ ಗ್ರಾಂಟ್ ವಾಪಸು ಹೋಗಲಿಲ್ಲ, ರಿಚ್ಮಂಡ್ ಹತ್ತಿರದ ಪೀಟರ್ಸ್‌ಬರ್ಗ್ ಸುತ್ತ ಕಂದಕ ತೋಡಿ ಕೂತರು. ಊರೂರಿಗೆ ಸಾವಿನ ಪಟ್ಟಿ ಬರುತ್ತಿತ್ತು, ಜನ ಸೋತುಹೋಗಿದ್ದರು. ನವೆಂಬರ್‌ನಲ್ಲಿ ಚುನಾವಣೆ. ಎದುರಾಳಿ ಅದೇ ಮೆಕ್ಲೆಲನ್. ಆಗಸ್ಟ್ 23ರಂದು ಲಿಂಕನ್, ತಾವು ಸೋಲುವ ಸಂಭವವೇ ಹೆಚ್ಚು ಎಂದು ಒಂದು ಕಾಗದದಲ್ಲಿ ಬರೆದು ಮಡಿಸಿ, ಓದಲು ಬಿಡದೆ ಮಂತ್ರಿಗಳ ಸಹಿ ಹಾಕಿಸಿಕೊಂಡರು. ಬಿಡುಗಡೆಯ ಷರತ್ತನ್ನು ಕೈಬಿಟ್ಟು ರಾಜಿ ಮಾಡಿಕೊಳ್ಳಿ ಎಂದು ಸ್ವಂತ ಪಕ್ಷದವರೇ ಒತ್ತಿದರು. ಅವರು ಬಿಡಲಿಲ್ಲ. ಲಿಂಕನ್ನರ ಕಾಳಜಿಯ ಬಗ್ಗೆ ಕೇಳಿದಿರಲ್ಲ, ಅದರ ಪರೀಕ್ಷೆ ನಡೆದದ್ದು ಈ ಆಗಸ್ಟ್‌ನಲ್ಲಿ.

ಸೆಪ್ಟೆಂಬರ್ 2ರಂದು ಉತ್ತರದ ಇನ್ನೊಬ್ಬ ಸೇನಾಪತಿ ವಿಲಿಯಂ ಶೆರ್ಮನ್ ದಕ್ಷಿಣದ ಅಟ್ಲಾಂಟಾ ನಗರವನ್ನು ಹಿಡಿದರು. ಗಾಳಿ ಒಮ್ಮೆಗೇ ತಿರುಗಿತು. ಲಿಂಕನ್ ಗೆದ್ದರು. ಪ್ರತ್ಯೇಕವಾಗಿ ಎಣಿಸಿದ ಸೈನಿಕರ ಮತದಲ್ಲಿ ನಾಲ್ಕರಲ್ಲಿ ಮೂರಕ್ಕೂ ಜಾಸ್ತಿ ಅವರಿಗೇ ಬಿದ್ದಿತ್ತು. ಸಾಯುವ ಸರದಿ ತಮ್ಮದೇ ಎಂದು ಗೊತ್ತಿದ್ದೂ ಹಾಗೆ ಮತ ಹಾಕಿದರು. ಆಮೇಲೆ ಶೆರ್ಮನ್ 60,000 ಸೈನಿಕರೊಡನೆ ಸವಾನಾವರೆಗೆ ನಡೆದರು. ದಾರಿಯುದ್ದಕ್ಕೂ ರೈಲು ಹಳಿ ಕಿತ್ತರು, ಕಣಜ ಸುಟ್ಟರು. ಸಾವಿರಾರು ಗುಲಾಮರು ತೋಟಗಳನ್ನು ಬಿಟ್ಟು ಅವರ ಹಿಂದೆ ನಡೆದರು.

1865ರ ಜನವರಿ 31ರಂದು ಗುಲಾಮಗಿರಿಯನ್ನು ಇಡೀ ದೇಶದಲ್ಲಿ ನಿಷೇಧಿಸುವ 13ನೇ ತಿದ್ದುಪಡಿ ಕೆಳಮನೆಯಲ್ಲಿ 119-56 ಮತಗಳಿಂದ ಪಾಸಾಯಿತು. ಡಿಸೆಂಬರ್‌ನಲ್ಲಿ ಸಂವಿಧಾನಕ್ಕೆ ಸೇರಿತು. ದಕ್ಷಿಣದವರು ಕೊನೆಗೆ ಮಾರ್ಚ್‌ನಲ್ಲಿ ಗುಲಾಮರನ್ನೇ ಸೈನ್ಯಕ್ಕೆ ಸೇರಿಸುವ ಕಾನೂನು ಮಾಡಿದರು, ಆದರೆ ಕಾಲ ಮೀರಿತ್ತು. ಏಪ್ರಿಲ್ 3ರಂದು ರಿಚ್ಮಂಡ್ ಬಿತ್ತು. ಏಪ್ರಿಲ್ 9ರಂದು ಅಪೊಮ್ಯಾಟಕ್ಸ್ ಎಂಬ ಹಳ್ಳಿಯ ಒಂದು ಮನೆಯಲ್ಲಿ ಲೀ ಶರಣಾದರು. ಸೈನಿಕರು ತಮ್ಮ ಕುದುರೆಗಳನ್ನು ಉಳುಮೆಗೆ ತೆಗೆದುಕೊಂಡು ಹೋಗಲಿ ಎಂದು ಗ್ರಾಂಟ್ ಒಪ್ಪಿದರು. ಎರಡು ದಿನದ ಮೇಲೆ ಲಿಂಕನ್ ಒಂದು ಭಾಷಣದಲ್ಲಿ, ಓದು ಬಲ್ಲ ಮತ್ತು ಸೈನ್ಯದಲ್ಲಿ ದುಡಿದ ಕಪ್ಪು ಜನರಿಗೆ ಮತದ ಹಕ್ಕು ಸಿಗಲಿ ಎಂದರು. ಕೇಳುತ್ತಿದ್ದ ಗುಂಪಿನಲ್ಲಿ ಜಾನ್ ವಿಲ್ಕ್ಸ್ ಬೂತ್ ಎಂಬ ನಟ ಇದ್ದ. ಏಪ್ರಿಲ್ 14ರ ರಾತ್ರಿ ಅವನೇ ಲಿಂಕನ್ನರಿಗೆ ಗುಂಡು ಹೊಡೆದ. ದೂರದ ಟೆಕ್ಸಾಸ್‌ನ ಗುಲಾಮರಿಗೆ ಬಿಡುಗಡೆಯ ಆದೇಶ ಓದಿ ಹೇಳಿದ್ದು ಜೂನ್ 19ರಂದು. ಅಮೆರಿಕದಲ್ಲಿ ಈಗ ಆ ದಿನ ರಾಷ್ಟ್ರೀಯ ರಜೆ.

ಸತ್ತ ಸೈನಿಕರ ಲೆಕ್ಕ ಬಹುಕಾಲ 6,20,000 ಎಂದಿತ್ತು. ಜನಗಣತಿಯನ್ನು ಮತ್ತೆ ಕೆದಕಿದ ಈಚಿನ ಅಧ್ಯಯನಗಳು ಸುಮಾರು 7 ಲಕ್ಷದಿಂದ 7.5 ಲಕ್ಷ ಅನ್ನುತ್ತವೆ. ಗುಂಡಿಗೆ ಸತ್ತವರಿಗಿಂತ ಭೇದಿ, ವಿಷಮಶೀತ ಜ್ವರ, ನ್ಯುಮೋನಿಯಾಕ್ಕೆ ಸತ್ತವರೇ ಜಾಸ್ತಿ.

ಹಡಗು ತಂದ ಸ್ಮಾಲ್ಸ್ ಮುಂದೆ ಏನಾದರು ಎಂದು ನೀವು ಕೇಳಬಹುದು. ತಾವು ಹುಟ್ಟಿದ ಬ್ಯೂಫರ್ಟ್ ಊರಿನಲ್ಲಿ ತಮ್ಮ ಹಳೆಯ ಒಡೆಯನ ಮನೆಯನ್ನೇ ಕೊಂಡರು. 1868ರಲ್ಲಿ ನಾಗರಿಕತ್ವದ, 1870ರಲ್ಲಿ ಮತದಾನದ ತಿದ್ದುಪಡಿಗಳು ಬಂದ ಮೇಲೆ ಐದು ಅವಧಿಗೆ ಸಂಸತ್ತಿಗೆ ಆಯ್ಕೆಯಾದರು. ಆದರೆ 1877ರಲ್ಲಿ ದಕ್ಷಿಣವನ್ನು ಕಾಯುತ್ತಿದ್ದ ಕೇಂದ್ರದ ಸೈನ್ಯ ಬ್ಯಾರಕ್ಕಿಗೆ ಮರಳಿತು. ಹಳೆಯ ಒಡೆಯರ ವರ್ಗ ಮತ್ತೆ ಅಧಿಕಾರ ಹಿಡಿಯಿತು. 1895ರಲ್ಲಿ ದಕ್ಷಿಣ ಕೆರೊಲಿನಾ ಹೊಸ ಸಂವಿಧಾನ ಬರೆಯಲು ಕೂತಾಗ ಅಲ್ಲಿದ್ದ ಕಪ್ಪು ಪ್ರತಿನಿಧಿಗಳು ಆರೇ ಜನ. ಸ್ಮಾಲ್ಸ್ ಅವರಲ್ಲೊಬ್ಬರು. ತಮ್ಮ ಜನರ ಮತದ ಹಕ್ಕು ಕಸಿಯಬೇಡಿ ಎಂದು ವಾದಿಸಿದರು, ಸಭೆ ಕೇಳಲಿಲ್ಲ. ಓದುಬರಹದ ಪರೀಕ್ಷೆ, ಆಸ್ತಿಯ ಷರತ್ತು, ತಲೆಗಂದಾಯ ಹಾಕಿ ಆ ಹಕ್ಕನ್ನು ಕಿತ್ತುಕೊಂಡಿತು. ಕೇಂದ್ರ ಸರ್ಕಾರ ಕಾನೂನಿನ ಬಲದಿಂದ ಅದನ್ನು ವಾಪಸು ಕೊಡಿಸಿದ್ದು 1965ರಲ್ಲಿ.